ಮನೆ ತಾರಸಿ ಮೇಲೆ ಯಾರೋ ಡ್ರೋನ್ ಹಾರಿಸುತ್ತಿದ್ದಾರೆ, ಏನು ಮಾಡಬಹುದು?

ನಿಮ್ಮ ಪ್ರಶ್ನೆ ಓದಿದೆ. ಮೈಸೂರಿನ ಬಡಾವಣೆಯೊಂದರಲ್ಲಿ ನಿಮ್ಮ ಮನೆ. ಸಂಜೆ ಹೊತ್ತು ಒಂದು ಡ್ರೋನ್ ಬಂದು ತಾರಸಿ ಹತ್ತಿರವೇ ನಿಲ್ಲುತ್ತದೆ. ಒಣಗಿದ ಬಟ್ಟೆ ತರಲು ಮಗಳು ಮೇಲೆ ಹೋಗುವುದನ್ನೇ ಬಿಟ್ಟಿದ್ದಾಳೆ. ಕಾನೂನಿನಲ್ಲಿ ಇದಕ್ಕೆ ತಡೆ ಇದೆಯಾ, ಕಲ್ಲು ಹೊಡೆದು ಬೀಳಿಸಬಹುದಾ, ಪೊಲೀಸರ ಹತ್ತಿರ ಹೋದರೆ ಪ್ರಯೋಜನ ಇದೆಯಾ ಎಂದು ಕೇಳಿದ್ದೀರಿ.

ಮೊದಲು ನೇರ ಉತ್ತರ. ಕಲ್ಲು ಹೊಡೆಯಬೇಡಿ. ಪೊಲೀಸರ ಹತ್ತಿರ ಹೋಗಬಹುದು, ಆದರೆ ಸ್ವಲ್ಪ ತಯಾರಿ ಮಾಡಿಕೊಂಡು ಹೋಗಿ. ಕಾನೂನು ಇದೆ, ಆದರೆ ಒಂದೇ ಕಡೆ ಇಲ್ಲ. ನಡುವೆ ಒಂದು ದೊಡ್ಡ ಕಿಂಡಿಯೂ ಇದೆ.

ನಾನು ಹಲವು ವರ್ಷಗಳಿಂದ ಹವ್ಯಾಸಕ್ಕೆ ಡ್ರೋನ್ ಹಾರಿಸುವವನು. ಕೆರೆ, ಬೆಟ್ಟ, ಗದ್ದೆ ಬಯಲು ನನ್ನ ಜಾಗ. ಮೇಲಿಂದ ಊರು ನೋಡುವ ಖುಷಿ ನನಗೆ ಗೊತ್ತು. ಆ ಖುಷಿಗೋಸ್ಕರ ಒಂದು ಮನೆಯವರು ತಮ್ಮದೇ ತಾರಸಿಗೆ ಹೋಗಲು ಹೆದರಬೇಕು ಅಂದರೆ ಅದು ತಪ್ಪು. ಇದನ್ನು ಹಾರಿಸುವವರೇ ಗಟ್ಟಿಯಾಗಿ ಹೇಳಬೇಕು.

ನಮ್ಮ ಮನೆಗಳನ್ನು ಕಟ್ಟಿರುವ ರೀತಿ ನೋಡಿ. ಕಾಂಪೌಂಡ್ ಗೋಡೆ, ಕಿಟಕಿಗೆ ಪರದೆ, ತಾರಸಿಗೆ ಎದೆಮಟ್ಟದ ಪ್ಯಾರಾಪೆಟ್. ಎಲ್ಲವೂ ರಸ್ತೆಯಿಂದ ಬರುವ ಕಣ್ಣಿಗೆ ತಡೆ. ಮೇಲಿಂದ ಯಾರೂ ನೋಡುವುದಿಲ್ಲ ಎಂಬ ನಂಬಿಕೆಯ ಮೇಲೆ ತಾರಸಿಯ ಬದುಕು ನಡೆಯುತ್ತಿತ್ತು. ಸಂಡಿಗೆ ಒಣಹಾಕುವುದು, ತಲೆಸ್ನಾನ ಮಾಡಿ ಕೂದಲು ಆರಿಸಿಕೊಳ್ಳುವುದು, ಬೇಸಿಗೆಯಲ್ಲಿ ಚಾಪೆ ಹಾಸಿ ಮಲಗುವುದು, ನೈಟಿಯಲ್ಲೇ ಹೋಗಿ ಬಟ್ಟೆ ತರುವುದು. ತಾರಸಿ ನಮ್ಮಲ್ಲಿ ಮನೆಯ ಒಂದು ಕೋಣೆಯೇ. ಚಾವಣಿ ಇಲ್ಲ ಅಷ್ಟೇ. ನಿಮ್ಮ ಮಗಳ ಸಂಕೋಚಕ್ಕೆ ಪೂರ್ತಿ ಕಾರಣ ಇದೆ. ದಯವಿಟ್ಟು ಅವಳಿಗೆ "ಸುಮ್ನೆ ಹೆದರ್ತೀಯಾ" ಅನ್ನಬೇಡಿ.

ಹಾಗಂತ ಮೇಲೆ ಹೋಗುವ ಎಲ್ಲ ಡ್ರೋನೂ ಇಣುಕುವುದಲ್ಲ. ಅದನ್ನು ಗುರುತಿಸುವುದು ಹೇಗೆ ಅನ್ನುವುದಕ್ಕೆ ಕ್ಯಾಮೆರಾ ಲೆಕ್ಕ ಸ್ವಲ್ಪ ಗೊತ್ತಿರಬೇಕು.

ಸಾಮಾನ್ಯ ಹವ್ಯಾಸಿ ಡ್ರೋನಿನಲ್ಲಿ ಇರುವುದು ಅಗಲ ನೋಟದ ಲೆನ್ಸ್. 120 ಮೀಟರ್, ಅಂದರೆ ಸುಮಾರು 400 ಅಡಿ ಎತ್ತರದಿಂದ ಅದು ನೇರ ಕೆಳಗೆ ನೋಡಿದರೆ ಚಿತ್ರದಲ್ಲಿ ಹೆಚ್ಚುಕಡಿಮೆ 180 ಮೀಟರ್ ಅಗಲದ ಜಾಗ ಬರುತ್ತದೆ. 4ಕೆ ವಿಡಿಯೊದ ಒಂದೊಂದು ಚುಕ್ಕೆ (ಪಿಕ್ಸೆಲ್) ನೆಲದ ಮೇಲೆ ನಾಲ್ಕೈದು ಸೆಂಟಿಮೀಟರ್ ಆಗುತ್ತದೆ. ಒಂದು ಮುಖಕ್ಕೆ ಮೂರ್ನಾಲ್ಕು ಚುಕ್ಕೆ. ಯಾರು ಅಂತ ಗೊತ್ತಾಗುವುದಿಲ್ಲ. ಅದೇ ಡ್ರೋನ್ 10 ಮೀಟರ್ ಹತ್ತಿರಕ್ಕೆ ಬಂದರೆ ಮುಖದ ಅಗಲಕ್ಕೇ ಮೂವತ್ತೈದು ನಲವತ್ತು ಚುಕ್ಕೆ ಸಿಗುತ್ತವೆ. ಪರಿಚಯದವರು ನೋಡಿದರೆ ತಕ್ಷಣ ಗುರುತು ಹಿಡಿಯುತ್ತಾರೆ. ಕೆಲವು ದುಬಾರಿ ಮಾದರಿಗಳಲ್ಲಿ ಮೂರು ಪಟ್ಟು, ಏಳು ಪಟ್ಟು ಹತ್ತಿರ ತೋರಿಸುವ ಲೆನ್ಸ್ ಕೂಡ ಇದೆ. ಅಂಥವು ದೂರದಿಂದಲೇ ಇಣುಕಬಹುದು.

ಎತ್ತರಕ್ಕಿಂತ ಕೋನ ಮುಖ್ಯ. ನೇರ ಮೇಲಿಂದ ನೋಡಿದರೆ ಕಾಣುವುದು ನೀರಿನ ಟ್ಯಾಂಕು, ಸೋಲಾರ್ ಹೀಟರ್, ತಲೆ ಕೂದಲು. ಎರಡನೇ ಮಹಡಿಯ ಮಟ್ಟಕ್ಕೆ ಇಳಿದು ಪಕ್ಕದಿಂದ ನೋಡಿದರೆ ಬಾಲ್ಕನಿ, ಮಲಗುವ ಕೋಣೆ, ಬಾತ್‌ರೂಮಿನ ವೆಂಟಿಲೇಟರ್ ಎಲ್ಲ ಸಿಗುತ್ತದೆ. ಆದ್ದರಿಂದ ಕೆಳಗಿಳಿಯುವ, ಒಂದೇ ಮನೆ ಮುಂದೆ ಅಲುಗಾಡದೆ ನಿಲ್ಲುವ, ದಿನಾ ಅದೇ ಹೊತ್ತಿಗೆ ಅದೇ ಜಾಗಕ್ಕೆ ಬರುವ ಡ್ರೋನ್ ಬಗ್ಗೆ ಅನುಮಾನ ಪಡಿ. ಶಬ್ದವೂ ಒಂದು ಸೂಚನೆ. 120 ಮೀಟರ್ ಮೇಲಿರುವ ಸಣ್ಣ ಡ್ರೋನಿನ ಸದ್ದು ಬೀದಿ ಗಲಾಟೆಯಲ್ಲಿ ಕೇಳುವುದೇ ಕಷ್ಟ. ಜೋರಾಗಿ ಗುಂಯ್‌ಗುಟ್ಟುತ್ತಿದ್ದರೆ ಅದು ಹತ್ತಿರದಲ್ಲೇ ಇದೆ.

ಒಮ್ಮೆ ಬಂದು ಹೋದದ್ದು ಗೃಹಪ್ರವೇಶದ ವಿಡಿಯೊ ಇರಬಹುದು, ಸೈಟ್ ಮಾರುವವರ ಜಾಹೀರಾತು ಇರಬಹುದು, ಸರ್ವೆ ಇರಬಹುದು. ಹಳ್ಳಿಗಳಲ್ಲಿ 2020ರಿಂದ ಸ್ವಾಮಿತ್ವ ಯೋಜನೆಗೆ ಡ್ರೋನಿನಿಂದಲೇ ಮನೆ ಜಾಗ ಅಳೆಯುತ್ತಿದ್ದಾರೆ. ಶುರುವಿನಲ್ಲಿ ಆಯ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ನೀವು ಹೇಳಿದ್ದು ಈ ಯಾವುದರ ಹಾಗೂ ಕಾಣುತ್ತಿಲ್ಲ. ಸರ್ವೆಯವರು ದಿನಾ ಸಂಜೆ ಒಂದೇ ತಾರಸಿಗೆ ಬರುವುದಿಲ್ಲ.

ಈಗ ಕಾನೂನು. ಇಲ್ಲೇ ನನಗೆ ನಿಜವಾದ ಬೇಸರ ಇರುವುದು.

ನಮ್ಮಲ್ಲಿ ಈಗ ನಡೆಯುತ್ತಿರುವುದು 2021ರ ಆಗಸ್ಟ್ 25ರಂದು ಹೊರಟ ಡ್ರೋನ್ ನಿಯಮಗಳು. ಇವು ಡ್ರೋನನ್ನು ತೂಕದಲ್ಲಿ ವಿಂಗಡಿಸುತ್ತವೆ. 250 ಗ್ರಾಂವರೆಗೆ ನ್ಯಾನೊ, ಅಲ್ಲಿಂದ 2 ಕೆಜಿವರೆಗೆ ಮೈಕ್ರೊ, ಹೀಗೆ ಮೇಲಕ್ಕೆ. ನ್ಯಾನೊ ಹಾರಿಸಲು ಪೈಲಟ್ ಸರ್ಟಿಫಿಕೇಟ್ ಬೇಡ. ವ್ಯಾಪಾರಕ್ಕಲ್ಲದೆ ಹವ್ಯಾಸಕ್ಕಾದರೆ ಮೈಕ್ರೊಗೂ ಬೇಡ. ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಮೂರು ಭಾಗ ಮಾಡಿದ್ದಾರೆ. ಹಸಿರಿನಲ್ಲಿ 400 ಅಡಿವರೆಗೆ ಹಾರಿಸಲು ಅನುಮತಿ ಬೇಡ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ದೂರದ ಪಟ್ಟಿಯಲ್ಲಿ ಅದು 200 ಅಡಿಗೆ ಇಳಿಯುತ್ತದೆ. ಅದಕ್ಕಿಂತ ಹತ್ತಿರದಲ್ಲಿ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ನಿಮ್ಮ ಮನೆ ಮಂಡಕಳ್ಳಿ ನಿಲ್ದಾಣದ ಕಡೆಗಿದ್ದರೆ ಸರ್ಕಾರದ ಡಿಜಿಟಲ್ ಸ್ಕೈ ಎಂಬ ಡ್ರೋನ್ ಜಾಲತಾಣದ ನಕ್ಷೆಯನ್ನು ಒಮ್ಮೆ ತೆಗೆದು ನೋಡಿ. ಅಲ್ಲಿ ಹಸಿರಲ್ಲ ಅಂತಾದರೆ ನಿಮ್ಮ ದೂರಿಗೆ ಬಲ ಬಂತು. ನಿಯಮ ಮೀರಿದರೆ 1 ಲಕ್ಷ ರೂಪಾಯಿವರೆಗೆ ದಂಡ ಇದೆ.

ಈ ನಿಯಮಗಳೆಲ್ಲ ಡ್ರೋನ್ ಯಾರ ತಲೆ ಮೇಲೂ ಬೀಳಬಾರದು, ವಿಮಾನಕ್ಕೆ ಬಡಿಯಬಾರದು ಎಂಬ ಯೋಚನೆಯಿಂದ ಬಂದವು. ಅದಕ್ಕೇ ತೂಕ, ಎತ್ತರ, ನಿಲ್ದಾಣದಿಂದ ದೂರ. ಕ್ಯಾಮೆರಾ ಬಗ್ಗೆ, ಇನ್ನೊಬ್ಬರ ಮನೆ ಬಗ್ಗೆ ಒಂದು ಮಾತಿಲ್ಲ. ಡಿಜೆಐ ಕಂಪನಿಯ ಮಿನಿಯಂಥ 249 ಗ್ರಾಂ ಡ್ರೋನು 4ಕೆ ವಿಡಿಯೊ ತೆಗೆಯುತ್ತದೆ, ಅರ್ಧ ಗಂಟೆ ಹಾರುತ್ತದೆ, ಸದ್ದೂ ಕಡಿಮೆ. ಇಣುಕುವವನಿಗೆ ಇದಕ್ಕಿಂತ ಅನುಕೂಲದ್ದು ಬೇರೆ ಇಲ್ಲ. ನಿಯಮದ ಕಣ್ಣಿಗೆ ಮಾತ್ರ ಅದು ತೀರಾ ನಿರಪಾಯದ ವಸ್ತು.

ಮೊದಲು ಹೀಗಿರಲಿಲ್ಲ. 2018ರ ಡಿಸೆಂಬರಿನಿಂದ ಜಾರಿಯಲ್ಲಿದ್ದ ಡಿಜಿಸಿಎ (ವಿಮಾನಯಾನ ನೋಡಿಕೊಳ್ಳುವ ಕೇಂದ್ರ ಸರ್ಕಾರಿ ಸಂಸ್ಥೆ) ನಿಯಮದಲ್ಲಿ, ಯಾರ ಖಾಸಗಿತನಕ್ಕೂ ಧಕ್ಕೆ ಬಾರದಂತೆ ನೋಡಿಕೊಳ್ಳುವುದು ಹಾರಿಸುವವರ ಹೊಣೆ ಎಂದು ಇತ್ತು. 2021ರ ಮಾರ್ಚಿನ ನಿಯಮಗಳಲ್ಲೂ ಚಿತ್ರ ತೆಗೆಯುವಾಗ ಖಾಸಗಿತನ ಕಾಪಾಡಬೇಕು ಎಂಬ ಮಾತಿತ್ತು. ಕೆಲವೇ ತಿಂಗಳಲ್ಲಿ, ಅರ್ಜಿ ನಮೂನೆ ಮತ್ತು ಶುಲ್ಕ ಕಡಿಮೆ ಮಾಡಿ ಉದ್ಯಮಕ್ಕೆ ಅನುಕೂಲ ಮಾಡುವ ಭರದಲ್ಲಿ ಹೊಸ ನಿಯಮ ಬಂತು. ಆ ಸಾಲು ಹೋಯಿತು. ಶುಲ್ಕ ಇಳಿದದ್ದು ನನ್ನಂಥವರಿಗೆ ಒಳ್ಳೆಯದೇ ಆಯಿತು. ಆದರೆ ಆ ಸಾಲನ್ನು ಉಳಿಸಿಕೊಂಡಿದ್ದರೆ ಯಾವ ಉದ್ಯಮವೂ ಮುಳುಗುತ್ತಿರಲಿಲ್ಲ. ಅದು ವಾಪಸ್ ಬರಬೇಕು.

ಹಾಗಾದರೆ ಈಗ ಉಳಿದದ್ದು ಏನು? ಹಳೆಯ ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಇದೆ. ಹೆಣ್ಣುಮಗಳೊಬ್ಬಳು ಖಾಸಗಿಯಾಗಿ ಇರುವಾಗ ಕದ್ದು ನೋಡುವುದು, ಚಿತ್ರ ತೆಗೆಯುವುದು ಅಪರಾಧ. ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಜೈಲು. ಆದರೆ ಇದರ ವ್ಯಾಖ್ಯೆ ಕಿರಿದು. ಮೈಮೇಲೆ ಬಟ್ಟೆ ಇಲ್ಲದಿರುವುದು ಅಥವಾ ಒಳಉಡುಪು ಮಾತ್ರ ಇರುವುದು, ಶೌಚಾಲಯದಲ್ಲಿ ಇರುವುದು, ಇಂಥ ಸಂದರ್ಭಗಳು ಮಾತ್ರ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಗಂಡು ಹೆಣ್ಣು ಇಬ್ಬರಿಗೂ ಅನ್ವಯಿಸುತ್ತದೆ, ಆದರೆ ಅದೂ ದೇಹದ ಖಾಸಗಿ ಭಾಗಗಳ ಚಿತ್ರಕ್ಕೆ ಸೀಮಿತ. ಬಟ್ಟೆ ಒಣಹಾಕುವ ಹುಡುಗಿಯನ್ನು ದಿನಾ ಚಿತ್ರೀಕರಿಸಿದರೆ ಈ ಎರಡೂ ನೇರವಾಗಿ ಹೊಂದುವುದಿಲ್ಲ. ಅಲ್ಲಿ ನೆರವಿಗೆ ಬರಬಹುದಾದದ್ದು ನ್ಯಾಯ ಸಂಹಿತೆಯ 79ನೇ ಸೆಕ್ಷನ್. ಹೆಣ್ಣಿನ ಮರ್ಯಾದೆಗೆ ಅವಮಾನ ಮಾಡುವ ಉದ್ದೇಶದಿಂದ ಅವಳ ಖಾಸಗಿತನಕ್ಕೆ ನುಗ್ಗುವುದು ಅದರಲ್ಲಿ ಬರುತ್ತದೆ. ಮೂರು ವರ್ಷದವರೆಗೆ ಶಿಕ್ಷೆ ಇದೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಅದು ನಮಗೆಲ್ಲ ಹೆಮ್ಮೆ. ಆದರೆ ಮೂಲಭೂತ ಹಕ್ಕು ಮುಖ್ಯವಾಗಿ ಸರ್ಕಾರದ ವಿರುದ್ಧ ಕೆಲಸ ಮಾಡುತ್ತದೆ. ಪಕ್ಕದ ಬೀದಿಯ ಹುಡುಗನ ಮೇಲೆ ಅದನ್ನು ನೇರವಾಗಿ ಹಿಡಿಯುವುದು ಕಷ್ಟ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯೂ ಸ್ವಂತ ಅಥವಾ ಮನೆ ಬಳಕೆಗೆ ಅನ್ವಯಿಸುವುದಿಲ್ಲ.

ಮನೆ ಮೇಲಿನ ಆಕಾಶ ನಮ್ಮದೇ ಅಲ್ವಾ ಅಂತ ತುಂಬ ಜನ ಕೇಳುತ್ತಾರೆ. ಇಂಗ್ಲೆಂಡಿನಲ್ಲಿ 1977ರಲ್ಲಿ ಇದೇ ವಿಷಯಕ್ಕೆ ಒಂದು ಮೊಕದ್ದಮೆ ನಡೆದಿತ್ತು. ಕಂಪನಿಯೊಂದು ವಿಮಾನದಿಂದ ಲಾರ್ಡ್ ಬರ್ನ್‌ಸ್ಟೈನ್ ಎಂಬವರ ಮನೆಯ ಫೋಟೊ ತೆಗೆದಿತ್ತು. ಜಾಗವನ್ನು ಸಹಜವಾಗಿ ಬಳಸಿಕೊಳ್ಳಲು ಎಷ್ಟು ಎತ್ತರ ಬೇಕೋ ಅಷ್ಟೇ ಮಾಲೀಕನದು ಎಂದು ಕೋರ್ಟ್ ಹೇಳಿತು. ಅವರು ಸೋತರು. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಮೇಲಿಂದ ಸದಾ ಕಾವಲು ಕಾಯುತ್ತಾ ಮನೆಯವರ ಪ್ರತಿಯೊಂದು ಚಲನವಲನದ ಚಿತ್ರ ತೆಗೆದು ಕಾಡಿದರೆ ಅದನ್ನು ಕೋರ್ಟ್ ಉಪದ್ರವ ಎಂದು ಪರಿಗಣಿಸಬಹುದು ಎಂದು. ಇಂಗ್ಲಿಷ್ ತೀರ್ಪುಗಳು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ, ಆದರೂ ಇಂಥ ಸಿವಿಲ್ ವಿಷಯಗಳಲ್ಲಿ ವಕೀಲರು ಅವನ್ನು ಮುಂದಿಡುತ್ತಾರೆ. ಒಮ್ಮೆ ಬಂದು ಹೋಗುವುದು ಬೇರೆ, ದಿನಾ ಬಂದು ಕಾಡುವುದು ಬೇರೆ. ನೀವು ತೋರಿಸಿಕೊಡಬೇಕಾದದ್ದು ಇದನ್ನೇ.

ಕಲ್ಲು ಯಾಕೆ ಬೇಡ ಅಂದರೆ, ಬೀಳುವ ಡ್ರೋನ್ ಎಲ್ಲಿ ಬೀಳುತ್ತದೆ ಅಂತ ಹೇಳಲಾಗದು. ರೆಕ್ಕೆ ತಿರುಗುತ್ತಲೇ ಇರುತ್ತದೆ. ಲಿಥಿಯಂ ಬ್ಯಾಟರಿಗೆ ಪೆಟ್ಟಾದರೆ ಬೆಂಕಿ ಹತ್ತಬಹುದು. ಮೇಲಾಗಿ ಇನ್ನೊಬ್ಬರ ವಸ್ತು ಒಡೆದ ಕೇಸು ನಿಮ್ಮ ಮೇಲೇ ಬೀಳುತ್ತದೆ. ಜಾಮರ್ ಖರೀದಿಸುವ ಯೋಚನೆಯನ್ನೂ ಬಿಡಿ, ಖಾಸಗಿಯವರು ಅದನ್ನು ಬಳಸುವಂತಿಲ್ಲ.

ಅದರ ಬದಲು ಹೀಗೆ ಮಾಡಿ. ಡ್ರೋನ್ ಬಂದಾಗ ಮೊಬೈಲಿನಲ್ಲಿ ವಿಡಿಯೊ ಮಾಡಿ. ಬರೀ ಆಕಾಶ ಬೇಡ, ನಿಮ್ಮ ಪ್ಯಾರಾಪೆಟ್ ಅಥವಾ ಟ್ಯಾಂಕು ಚೌಕಟ್ಟಿನಲ್ಲಿ ಇರಲಿ. ಎಷ್ಟು ಹತ್ತಿರ ಬಂದಿತ್ತು ಅನ್ನುವುದು ಆಗ ಗೊತ್ತಾಗುತ್ತದೆ. ದಿನ, ಹೊತ್ತು, ಎಷ್ಟು ನಿಮಿಷ ನಿಂತಿತ್ತು ಬರೆದಿಡಿ. ಅದು ವಾಪಸ್ ಯಾವ ಕಡೆ ಹೋಗುತ್ತದೆ ಎಂದು ನೋಡಿ. ಬ್ಯಾಟರಿ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ, ಗಾಳಿ ಇದ್ದರೆ ಇನ್ನೂ ಬೇಗ. ಚಾರ್ಜ್ ಇಳಿದಾಗ ಹೆಚ್ಚಿನ ಡ್ರೋನುಗಳು ತಾವೇ ಎದ್ದ ಜಾಗಕ್ಕೆ ಹೆಚ್ಚುಕಡಿಮೆ ನೇರ ದಾರಿಯಲ್ಲಿ ಮರಳುತ್ತವೆ. ಎರಡು ಬೇರೆ ಬೇರೆ ತಾರಸಿಗಳಿಂದ ಇಬ್ಬರು ನೋಡಿದರೆ ಮನೆಯೋ ಪಾರ್ಕೋ ಗೊತ್ತಾಗಿಬಿಡುತ್ತದೆ.

ಹಾರಿಸುವವರು ಸಿಕ್ಕಿದರೆ ಒಬ್ಬರೇ ಹೋಗಬೇಡಿ. ನಿವಾಸಿಗಳ ಸಂಘದ ಇಬ್ಬರು ಹಿರಿಯರನ್ನು ಕರೆದುಕೊಂಡು ಹೋಗಿ. ಹದಿನಾರು ಹದಿನೇಳರ ಹುಡುಗನಾಗಿದ್ದರೆ ಮನೆಯವರ ಎದುರಿಗೇ ಮಾತಾಡಿ, ವಿಡಿಯೊ ತೋರಿಸಲು ಕೇಳಿ. ತಪ್ಪಿಲ್ಲದವರು ತೋರಿಸುತ್ತಾರೆ. ನಮ್ಮ ಬೀದಿಯಲ್ಲಿ ಒಬ್ಬರು ತಾಯಿ ನನ್ನನ್ನೂ ಕೇಳಿದ್ದರು. ಪರದೆಯಲ್ಲಿ ಪೂರ್ತಿ ತೋರಿಸಿದೆ. ಕೇಳಿದ್ದರಲ್ಲಿ ಅನುಚಿತವಾದದ್ದು ಏನೂ ಇರಲಿಲ್ಲ. ಆಮೇಲಿಂದ ಬಡಾವಣೆಯೊಳಗೆ ಹಾರಿಸಬೇಕಾದರೆ ಹಿಂದಿನ ದಿನವೇ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕುತ್ತೇನೆ. ರಸ್ತೆ ಮೇಲಿಂದಲೇ ನೇರ ಎತ್ತರಕ್ಕೆ ಒಯ್ದು, ಆಮೇಲೆ ಮುಂದೆ ಹೋಗುತ್ತೇನೆ.

ಒಂದು ಎಚ್ಚರ ಇರಲಿ. ನಿಮ್ಮ ಮನೆಯದ್ದೇ ದೃಶ್ಯ ಇದೆ ಎಂದು ಕಂಡರೆ ಸಿಟ್ಟಿನಲ್ಲಿ ಅಲ್ಲೇ ಅಳಿಸಲು ಹೇಳಬೇಡಿ. ಅದೇ ನಿಮ್ಮ ಸಾಕ್ಷಿ. ಅಲ್ಲಿಂದ ವಿಷಯ ಪೊಲೀಸರಿಗೆ ಹೋಗಲಿ.

ಡ್ರೋನ್ ನಿಂತಿರುವಾಗಲೇ ಆದರೆ 112ಕ್ಕೆ ಕರೆ ಮಾಡಿ. ಆಮೇಲೆ ಠಾಣೆಗೆ ಲಿಖಿತ ದೂರು ಕೊಡಿ. ದೂರಿನಲ್ಲಿ ಡ್ರೋನ್ ಒಂದನ್ನೇ ಅಲ್ಲ, ರಿಮೋಟು, ಅದಕ್ಕೆ ಜೋಡಿಸುವ ಮೊಬೈಲು ಮತ್ತು ಮೆಮೊರಿ ಕಾರ್ಡನ್ನು ವಶಕ್ಕೆ ತೆಗೆದುಕೊಳ್ಳಬೇಕು ಎಂದು ಸ್ಪಷ್ಟವಾಗಿ ಬರೆಯಿರಿ. ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಯಾವ ಹೊತ್ತಿಗೆ, ಎಲ್ಲಿ, ಎಷ್ಟು ಎತ್ತರದಲ್ಲಿ ಹಾರಿತು ಎಂಬ ದಾಖಲೆ ಸಾಮಾನ್ಯವಾಗಿ ಹಾರಾಟದ ಆ್ಯಪ್‌ನಲ್ಲೇ ಉಳಿಯುತ್ತದೆ. ನಾನು ಆ ಕಡೆ ಹೋಗೇ ಇಲ್ಲ ಅನ್ನುವ ಮಾತು ಅದರ ಮುಂದೆ ನಿಲ್ಲುವುದಿಲ್ಲ. 79ನೇ ಸೆಕ್ಷನ್ ಹೆಸರು ಹೇಳಿ, ನಿಮ್ಮ ಟಿಪ್ಪಣಿಯ ಪ್ರತಿ ಲಗತ್ತಿಸಿ, ದೂರು ತಲುಪಿದ್ದಕ್ಕೆ ಹಿಂಬರಹ ಕೇಳಿ ಪಡೆಯಿರಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(4)ರ ಪ್ರಕಾರ ಅದನ್ನೇ ಅಂಚೆಯಲ್ಲಿ ಮೇಲಿನ ಅಧಿಕಾರಿಗೆ ಕಳಿಸಬಹುದು. ಮೈಸೂರು ನಗರದಲ್ಲಾದರೆ ಪೊಲೀಸ್ ಆಯುಕ್ತರ ಕಚೇರಿಗೆ ಸ್ಪೀಡ್ ಪೋಸ್ಟ್ ಮಾಡಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಬಹುದು. ಆ ಹಂತಕ್ಕೆ ಹೋಗುವಾಗ ಮಾತ್ರ ವಕೀಲರನ್ನು ಇಟ್ಟುಕೊಳ್ಳಿ.