ಕೈಕಾಲು ಪದೇ ಪದೇ ಜುಮ್ಮೆನ್ನುವುದು ಯಾಕೆ?

ಚಕ್ಕಳಮಕ್ಕಳ ಹಾಕಿ ಕೂತು ಕಾಲು ಜೋಮು ಹಿಡಿದರೆ ಚಿಂತೆ ಬೇಡ. ನರದ ಮೇಲೆ ಭಾರ ಬಿದ್ದಿರುತ್ತದೆ, ಎದ್ದು ಓಡಾಡಿದರೆ ಸರಿಹೋಗುತ್ತದೆ. ಸುಮ್ನೆ ಇದ್ದಾಗಲೂ ಆಗುತ್ತಿದ್ದರೆ ಕಾರಣ ಹುಡುಕಬೇಕು. ಎರಡೂ ಪಾದಗಳಲ್ಲಿ ಶುರುವಾಗಿ ನಿಧಾನಕ್ಕೆ ಮೇಲೇರಿದರೆ ನನ್ನ ಮೊದಲ ಅನುಮಾನ ಸಕ್ಕರೆ ಕಾಯಿಲೆ. ವಿಟಮಿನ್ ಬಿ12 ಕೊರತೆಯೂ ಹೀಗೇ ಕಾಡುತ್ತದೆ. ಸಸ್ಯಾಹಾರಿಗಳಲ್ಲಿ, ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಇದು ಜಾಸ್ತಿ. ಸಕ್ಕರೆ ಕಾಯಿಲೆ, ಬಿ12 ಕೊರತೆ ಎರಡೂ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತವೆ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆಂದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಥೈರಾಯ್ಡ್, ಕುಡಿತ, ಕುತ್ತಿಗೆ ಸವೆತವೂ ಕಾರಣವಾಗುವುದುಂಟು. ಆದರೆ ದೇಹದ ಒಂದೇ ಬದಿ ಇದ್ದಕ್ಕಿದ್ದಂತೆ ಮರಗಟ್ಟಿ, ಮಾತು ತೊದಲಿದರೆ ಪಾರ್ಶ್ವವಾಯು ಇರಬಹುದು. ಆಗ ಕಾಯಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ.