ಕಂಟೆಂಟ್ ಅಂದ್ರೆ ಹೂರಣವಾ, ತೃಪ್ತಿಯಾ?

ಪ್ರಶ್ನೆ: ಮಗ ಮೂರು ತಿಂಗಳಿಂದ ಕೆಲಸ ಬಿಟ್ಟು ಮನೆಯಲ್ಲಿದ್ದಾನೆ. ಏನೋ ಇದು ಅಂತ ಕೇಳಿದರೆ ‘ಕಂಟೆಂಟ್ ಮಾಡ್ತಿದ್ದೀನಮ್ಮ’ ಅನ್ನುತ್ತಾನೆ. ನಿಘಂಟು ತೆಗೆದು ನೋಡಿದೆ. ‘ಒಳಗಿರುವುದು’ ಅಂತಲೂ ಇದೆ, ‘ತೃಪ್ತ’ ಅಂತಲೂ ಇದೆ. ಎರಡೂ ಒಂದೇ ಪದವಾ? ಕನ್ನಡದಲ್ಲಿ ಏನನ್ನಬೇಕು?
– ಒಬ್ಬ ತಾಯಿ, ತಿಪಟೂರು

ಉತ್ತರ: ಎರಡಕ್ಕೂ ಬೇರು ಒಂದೇ ಅಮ್ಮ. ಲ್ಯಾಟಿನ್ನಿನಲ್ಲಿ ‘ಕಾಂಟಿನೇರೆ’ ಅಂದರೆ ಒಟ್ಟಾಗಿ ಹಿಡಿದುಕೊಳ್ಳುವುದು. ಹಿಡಿದುಕೊಳ್ಳುವ ಡಬ್ಬಿ ಕಂಟೇನರ್, ಅದರೊಳಗೆ ಇರುವುದು ಕಂಟೆಂಟ್. ಇನ್ನು ಇರುವಷ್ಟರಲ್ಲೇ ಮನಸ್ಸನ್ನು ಹಿಡಿದಿಟ್ಟುಕೊಂಡು, ಆಚೆಯದಕ್ಕೆ ಕೈಚಾಚದೆ ಇರುವವನೂ ಕಂಟೆಂಟ್. ತೃಪ್ತಿಯ ಅರ್ಥ ಬಂದದ್ದು ಹೀಗೆ. ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಇವತ್ತಿಗೂ ಮತ ಹಾಕುವಾಗ ಹೌದು, ಇಲ್ಲ ಅನ್ನುವುದಿಲ್ಲ. ‘ಕಂಟೆಂಟ್’, ‘ನಾಟ್ ಕಂಟೆಂಟ್’ ಅನ್ನುತ್ತಾರೆ. ಕೇಳುವಾಗ ಇಂಗ್ಲಿಷರಿಗೆ ಗೊಂದಲವಾಗುವುದಿಲ್ಲ. ಒಳಗಿರುವುದಾದರೆ ಮೊದಲಿನ ‘ಕಾನ್’ ಮೇಲೆ ಒತ್ತು, ತೃಪ್ತಿಯಾದರೆ ಕೊನೆಯ ‘ಟೆಂಟ್’ ಮೇಲೆ. ನಾವು ಎರಡನ್ನೂ ಒಂದೇ ಥರ ಹೇಳಿಬಿಡುತ್ತೇವೆ, ಅಷ್ಟೇ.

ಕನ್ನಡಕ್ಕೆ ಬಂದರೆ, ಎಲ್ಲ ಕಡೆಗೂ ಒಂದೇ ಪದ ಸಿಗುತ್ತೆ ಅಂತ ಸುಮ್ನೆ ಹುಡುಕಬೇಡಿ. ಮಾತ್ರೆ ಡಬ್ಬಿಯೊಂದರ ಮೇಲೆ ‘ವಿಷಯಗಳು: 10 ಮಾತ್ರೆ’ ಅಂತ ಅಚ್ಚಾಗಿದ್ದನ್ನು ನಾನೇ ನೋಡಿದ್ದೇನೆ! ಅಲ್ಲಿ ‘ಒಳಗೆ 10 ಮಾತ್ರೆ ಇವೆ’ ಅಂದರೆ ಮುಗಿಯಿತು. ಯಾವುದರೊಳಗೆ ಏನಿದೆ ಅಂತ ನೋಡಿಕೊಂಡು ಪದ ಆರಿಸಬೇಕು. ಅಡುಗೆಮನೆಯ ಹಾಲಿನ ಪ್ಯಾಕೆಟ್ ತಿರುಗಿಸಿ ನೋಡಿ. ಟೋನ್ಡ್ ಹಾಲಾದರೆ ಫ್ಯಾಟ್ ಶೇ 3, ಗಟ್ಟಿ ಹಾಲಾದ ಫುಲ್ ಕ್ರೀಮಿನಲ್ಲಿ ಶೇ 6. ಈ ಲೆಕ್ಕದ ಕಂಟೆಂಟಿಗೆ ನಾವು ‘ಅಂಶ’ ಅನ್ನುತ್ತೇವೆ, ಕೊಬ್ಬಿನಂಶ, ತೇವಾಂಶ ಅಂತ. ಡೇರಿಯಲ್ಲಿ ಹಾಲು ಹಾಕುವವರಿಗೆ ಅದೂ ಬೇಡ, ‘ಇವತ್ತು ಎಷ್ಟು ಫ್ಯಾಟ್ ಬಂತು?’ ಅಂತಲೇ ಕೇಳುತ್ತಾರೆ. ನಿಮ್ಮೂರಿನ ಮಂಡಿಯಲ್ಲೂ ಕೊಬ್ಬರಿ ಹಿಡಿದು ‘ತೇವ ಜಾಸ್ತಿ ಇದೆ’ ಅಂತಾರೆ, ಅಲ್ವಾ?

ಕಥೆ, ಭಾಷಣ, ಸಿನಿಮಾದ ಕಂಟೆಂಟಿಗೆ ನನಗೆ ಜಾಸ್ತಿ ಇಷ್ಟವಾದ ಪದ ಹೂರಣ. ಸಂಸ್ಕೃತದ ಪೂರಣ, ಅಂದರೆ ತುಂಬುವುದು. ಹಳಗನ್ನಡದ ಪಾಲು ಹಾಲಾಯಿತಲ್ಲ, ಅದೇ ದಾರಿಯಲ್ಲಿ ಇದೂ ಹೂರಣವಾಯಿತು. ಮರಾಠಿಯವರು ಪ ಬಿಡಲಿಲ್ಲ, ಅವರದ್ದು ಪುರಣಪೋಳಿ. ಬೇಳೆ ಬೇಯಿಸಿ, ಬೆಲ್ಲ ಹಾಕಿ ರುಬ್ಬಿದ ಹೂರಣ ಸ್ವಲ್ಪ ನೀರಾದರೆ ತಟ್ಟುವಾಗ ಕಣಕ ಕಿತ್ತುಕೊಂಡು ಹೊರಗೆ ಬರುತ್ತೆ, ಕಡಿಮೆಯಾದರೆ ಅದು ಬರೀ ಚಪಾತಿ. ‘ಭಾಷೆ ಚೆನ್ನಾಗಿದೆ, ಹೂರಣ ಇಲ್ಲ’ ಅಂತ ವಿಮರ್ಶಕರು ಬರೆದಾಗ ಯಾರಿಗೂ ಅರ್ಥ ಹೇಳಿಕೊಡಬೇಕಿಲ್ಲ.

ನಿಮ್ಮ ಮಗನ ಕಂಟೆಂಟಿಗೆ ಮಾತ್ರ ನಾನು ಕನ್ನಡ ಪದ ಕೊಡುವುದಿಲ್ಲ. ಅದು ಡಬ್ಬಿ ಇಟ್ಟುಕೊಂಡವರ, ಅಂದರೆ ವಿಡಿಯೋ ಹಾಕಿಸಿಕೊಳ್ಳುವ ಜಾಲತಾಣದವರ ಮಾತು. ಒಳಗೆ ಹಾಡಿರಲಿ, ಅಡುಗೆಯಿರಲಿ, ಜಗಳವಿರಲಿ, ಡಬ್ಬಿ ತುಂಬಿದರೆ ಅವರಿಗೆ ಸಾಕು. ಅವನು ಅಡುಗೆ ವಿಡಿಯೋ ಮಾಡುತ್ತಿದ್ದರೆ ‘ಅಡುಗೆ ವಿಡಿಯೋ ಮಾಡ್ತಾನೆ’ ಅನ್ನಿ, ತೋಟದ್ದಾದರೆ ತೋಟದ್ದು ಅನ್ನಿ. ಮೊದಲು ಏನು ಮಾಡುತ್ತಿದ್ದಾನೆ ಅಂತ ಕೂತು ನೋಡಿ.

ಪ್ರಶ್ನೆ: ಹಾಗಾದರೆ ಪುಸ್ತಕದ ‘ಕಂಟೆಂಟ್ಸ್’ ಪುಟಕ್ಕೆ ಪರಿವಿಡಿ ಸರಿಯೋ, ಪದಸೂಚಿಯೋ?
– ಒಬ್ಬ ವಿದ್ಯಾರ್ಥಿ, ಧಾರವಾಡ

ಉತ್ತರ: ಪರಿವಿಡಿ. ಅಂದರೆ ಒಂದಾದ ಮೇಲೊಂದು ಬರುವ ಕ್ರಮ. ಪದಸೂಚಿ ಪುಸ್ತಕದ ಕೊನೆಗೆ ಬರುವುದು, ಅ ಆ ಇ ಈ ಪ್ರಕಾರ.