ಇಳಕಲ್ ಸೀರೆ ಮತ್ತು 400 ರೂಪಾಯಿ ಚೌಕಾಸಿ

ಪ್ರಶ್ನೆ: ಅಕ್ಕಾ, ಮನೆಯಲ್ಲಿ ಎರಡು ಕೈಮಗ್ಗ ಇವೆ. ನೇಯ್ದ ಸೀರೆ ತಗೊಂಡು ಬೆಂಗಳೂರಿನ ಮೇಳಗಳಿಗೆ ಬರುತ್ತೇನೆ. ಬಂದವರು ಮೊದಲು ಚೀಟಿ ತಿರುಗಿಸಿ ರೇಟು ನೋಡುತ್ತಾರೆ. ‘ಆನ್‌ಲೈನ್‌ನಲ್ಲಿ ಇಳಕಲ್ ಸೀರೆ 900ಕ್ಕೇ ಸಿಗುತ್ತೆ, ನೀವು 3,000 ಅಂತೀರಲ್ಲ?’ ಎಂದು ಕೇಳುತ್ತಾರೆ. ಕೊನೆಗೆ 400 ರೂಪಾಯಿ ಬಿಟ್ಟು ಕೊಡುತ್ತೇನೆ. ರೇಟು ಉಳಿಸಿಕೊಳ್ಳುವುದು ಹೇಗೆ?
– ಓದುಗರು, ಇಳಕಲ್

ಉತ್ತರ: ಆ 400 ಎಲ್ಲಿಂದ ಹೋಗುತ್ತಿದೆ, ಮೊದಲು ನೋಡಿ. ನೂಲು, ರೇಷ್ಮೆ, ಬಣ್ಣ, ಮಳಿಗೆ ಬಾಡಿಗೆ, ಬಸ್ ಚಾರ್ಜು ಸೇರಿ ಒಂದು ಸೀರೆಗೆ 1,800 ಬಿತ್ತು ಅಂದುಕೊಳ್ಳೋಣ. ಉಳಿದ 1,200 ನಿಮ್ಮ ಮನೆಯವರ ದುಡಿಮೆ. ನೂಲಿನವರು ನಿಮಗೆ ಬಿಡುವುದಿಲ್ಲ, ಬಸ್ಸಿನವರೂ ಬಿಡುವುದಿಲ್ಲ. 400 ಪೂರ್ತಿ ಆ ದುಡಿಮೆಯಿಂದಲೇ ಹೋಗುತ್ತದೆ. ಕೊಳ್ಳುವವರಿಗೆ ನೂರಕ್ಕೆ ಹದಿಮೂರು ರೂಪಾಯಿ ಉಳಿತಾಯ, ನಿಮಗೆ ಮೂರರಲ್ಲಿ ಒಂದು ಪಾಲು ನಷ್ಟ. ಈ ಲೆಕ್ಕ ನೆನೆದರೆ ನನಗೆ ಸಂಕಟವಾಗುತ್ತದೆ.

ಹುಬ್ಬಳ್ಳಿಯಲ್ಲಿ ಸೀರೆ ಅಂಗಡಿಯ ಕೌಂಟರಿನಲ್ಲಿ ವರ್ಷಗಟ್ಟಲೆ ನಿಂತವಳು ನಾನು. ‘ಕೈಮಗ್ಗ ರೀ, ಕಷ್ಟದ ಕೆಲಸ’ ಎಂದರೆ ಯಾರೂ ದುಡ್ಡು ಜಾಸ್ತಿ ಕೊಡುವುದಿಲ್ಲ. ಮರುಕ ಬರಬಹುದು, ಅಷ್ಟೇ. ಬದಲಿಗೆ ಸೀರೆ ಬಿಚ್ಚಿ ಕೊಂಡಿ ತೋರಿಸಿ. ನಿಮ್ಮ ಸೀರೆಯಲ್ಲಿ ಒಡಲಿನ ಹಾಸು (ಉದ್ದಕ್ಕೆ ಹರಿಯುವ ಎಳೆ) ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸಿದ ಮೇಲೆ ತಾನೇ ನೇಯ್ಗೆ? ಸೆರಗಿನ ಹಾಸೂ ಕೆಂಪು, ಅಡ್ಡಕ್ಕೆ ನೇಯುವ ಹೊಕ್ಕೂ ಕೆಂಪು. ಅದಕ್ಕೇ ಆ ಕೆಂಪು ಅಷ್ಟು ಗಾಢ. ಒಂದೇ ಹಾಸಿನಲ್ಲಿ ನೇಯ್ದ ಅಗ್ಗದ ಸೀರೆಯಲ್ಲಿ ಒಡಲಿನ ಎಳೆಯೇ ಸೆರಗಿಗೂ ಹರಿಯುತ್ತದೆ. ಒಡಲು ಹಸಿರಾಗಿದ್ದರೆ ಸೆರಗಿನ ಕೆಂಪಿನೊಳಗೂ ಹಸಿರು ಇಣುಕುತ್ತದೆ. ಅಂಥದ್ದೊಂದು ಸೀರೆ ಪಕ್ಕದಲ್ಲಿ ಇಟ್ಟುಕೊಳ್ಳಿ. ಎರಡನ್ನೂ ಅವರ ಕೈಗೇ ಕೊಟ್ಟು, ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿ ನೋಡಲು ಹೇಳಿ. ಆಮೇಲೆ ನೀವು ಮಾತಾಡಬೇಕಾದ್ದು ಕಡಿಮೆ.

ಆದರೆ ಪವರ್‌ಲೂಮ್ ಸೀರೆಯನ್ನು ಹೀಗಳೆಯಬೇಡಿ. ಬಂದವರು ಅದನ್ನೇ ಉಟ್ಟಿರಬಹುದು.

ಇನ್ನೊಂದು ಮಾತು. ರೇಟು ಬಾಯಿಗೆ ಬರುವ ಮುಂಚೆ ‘ಯಾರಿಗೆ ಬೇಕಿತ್ತು, ಅಮ್ಮಾ?’ ಅಂತ ಕೇಳಿ. ಆಫೀಸಿಗೆ ಉಡುವವರಿಗೆ ಹತ್ತಿಯ ಒಡಲು, ಸಣ್ಣ ಅಂಚು ಸಾಕು. ಮಗಳ ಮದುವೆಗೆ ನೋಡುತ್ತಿದ್ದರೆ, ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆಯನ್ನು ನಮ್ಮ ಕಡೆ ಮದುಮಗಳಿಗೆ ಕೊಡುತ್ತಿದ್ದರು ಎಂದು ಹೇಳಿ. ಅವರಿಗೆ ಆಗ 900ರ ಸೀರೆ ನೆನಪಾಗುವುದೇ ಇಲ್ಲ. ನನ್ನ ಕೌಂಟರಿನಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ.

ಇಷ್ಟಾದರೂ ‘ಕಡಿಮೆ ಮಾಡಿ’ ಎಂದರೆ ಅದೇ ಸೀರೆಯ ರೇಟು ಇಳಿಸಬೇಡಿ. ಒಮ್ಮೆ ಇಳಿಸಿದರೆ ಮೊದಲು ಹೇಳಿದ್ದು ಸುಳ್ಳು ಅಂತಾಗುತ್ತದೆ ಅಲ್ವಾ? ‘ನಿಮ್ಮ ಬಜೆಟ್ ಎಷ್ಟು?’ ಎಂದು ಕೇಳಿ, ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಸೆರಗಿನದನ್ನು ತೋರಿಸಿ. ಅದು ಆರ್ಟ್ ಸಿಲ್ಕ್ ಎಂದು ಬಾಯಿಬಿಟ್ಟು ಹೇಳಿ. ಏನಾದರೂ ಬಿಡಲೇಬೇಕಾದರೆ ಎರಡು ಸೀರೆ ಕೊಂಡವರಿಗೆ ಬಿಡಿ, ಇಲ್ಲವೇ ಕುಚ್ಚು ಕಟ್ಟಿಸಿ ಕೊಡಿ. 900ರದ್ದೇ ಬೇಕು ಎನ್ನುವವರನ್ನು ನಗುನಗುತ್ತಾ ಕಳಿಸಿಕೊಡಿ. ಅವರು ನಿಮ್ಮ ಗಿರಾಕಿ ಅಲ್ಲ.

ಚೀಟಿಯ ಮೇಲೆ ಬರೀ ಅಂಕಿ ಬೇಡ. ಒಡಲು ಯಾವ ನೂಲು, ಸೆರಗು ಯಾವ ರೇಷ್ಮೆ, ನೇಯ್ದವರು ಯಾರು, ಅದನ್ನೂ ಬರೆಯಿರಿ. ಮುಂದಿನ ಮೇಳಕ್ಕೆ ಬರುವಾಗ ಅರ್ಧ ಕೊಂಡಿ ಹಾಕಿದ ಹಾಸಿನ ಒಂದು ತುಂಡನ್ನು ಚೌಕಟ್ಟಿಗೆ ಬಿಗಿದು ತನ್ನಿ. ಮಳಿಗೆಯ ಮುಂದೆ, ಸೀರೆಗಳಿಗಿಂತ ಮೊದಲು ಕಣ್ಣಿಗೆ ಬೀಳುವಲ್ಲಿ ಇಡಿ. ಬಂದವರೇ ಎರಡು ಎಳೆ ಜೋಡಿಸಿ ನೋಡಲಿ.